ಚಿನ್ನದೂರಿನ ಚಳಿಗೆ ಎರಡು ಪರಿಮಳ

ಚಿನ್ನಕ್ಕೆ ಪರಿಮಳ ಬೆರೆತಂತೆ ಎಂಬುದು ಹಳೆಯ ನುಡಿ. ರೂಪದೊಡನೆ ಗುಣವೂ ವಿದ್ಯೆಯೊಡನೆ ವಿನಯವೂ ಕೂಡಿಬಂದಾಗ ಹಿರಿಯರ ಬಾಯಿಂದ ಈ ಮಾತು ಹೊರಡುತ್ತದೆ. ಚಿನ್ನಕ್ಕೆ ಸಹಜವಾಗಿ ಯಾವ ವಾಸನೆಯೂ ಇಲ್ಲವೆಂಬುದೇ ಈ ಉಪಮೆಯ ಬಲ. ಆದರೆ ನೂರಿಪ್ಪತ್ತು ವರ್ಷಗಳ ಕಾಲ ಚಿನ್ನವನ್ನೇ ಅಗೆದು ತೆಗೆದ ಊರಿಗೂ ವಾಸನೆಯಿಲ್ಲವೆಂದು ಹೇಳುವಂತಿಲ್ಲ. ಮಾರ್ಗಶಿರ ಪುಷ್ಯಮಾಸಗಳ ಚಳಿಯಲ್ಲಿ ಮಾರಿಕುಪ್ಪಂಗೆ ಹೋದವರು ಅದನ್ನು ಮೂಗಿನಿಂದಲೇ ತಿಳಿಯಬಲ್ಲರು.

ಬೆಂಗಳೂರಿನಿಂದ ಪೂರ್ವಕ್ಕೆ ಹೊರಟ ರೈಲು ಸುಮಾರು 70 ಕಿಲೋಮೀಟರು ಸಾಗಿ ಬಂಗಾರಪೇಟೆಯನ್ನು ಮುಟ್ಟುತ್ತದೆ. ಮೈಸೂರು ಸೀಮೆಯ ಕಮೀಷನರ್ ಆಗಿದ್ದ ಬೌರಿಂಗ್ ಅವರ ನೆನಪಿಗಾಗಿ ಈ ಊರಿಗೆ ಹಿಂದೆ ಬೌರಿಂಗ್‌ಪೇಟೆ ಎಂಬ ಹೆಸರಿತ್ತು. ಇಲ್ಲಿಂದ ಒಂದು ಕವಲುದಾರಿ ದಕ್ಷಿಣಕ್ಕೆ ತಿರುಗುತ್ತದೆ. ಗಣಿಗಳಿಗಾಗಿಯೇ 1894ರಲ್ಲಿ ತೆರೆದ ದಾರಿ ಅದು. ಉದ್ದ ಸುಮಾರು 16 ಕಿಲೋಮೀಟರು. ಕೋರಮಂಡಲ್, ಉರಿಗಾಂ, ಚಾಂಪಿಯನ್ ಮುಂತಾದ ನಿಲ್ದಾಣಗಳನ್ನು ದಾಟಿ ಹಳಿಗಳು ಮಾರಿಕುಪ್ಪಂನಲ್ಲಿ ಮುಗಿದುಹೋಗುತ್ತವೆ. ಅಲ್ಲಿಂದ ಮುಂದೆ ರೈಲಿಗೆ ದಾರಿಯಿಲ್ಲ. ಒಂದು ಕಾಲದಲ್ಲಿ ಅಲ್ಲಿಂದ ಮುಂದಿನ ದಾರಿ ನೆಲದ ಕೆಳಗಿತ್ತು.

ಸಮುದ್ರಮಟ್ಟದಿಂದ ಎರಡೂವರೆ ಸಾವಿರ ಅಡಿಗೂ ಎತ್ತರದಲ್ಲಿರುವ ಈ ಬಯಲಿನಲ್ಲಿ ಡಿಸೆಂಬರಿನ ಬೆಳಗು ಬಲು ತಂಪು. ಉಷ್ಣತೆ 15 ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ. ಗಣಿಯ ಕೆಲಸಕ್ಕೆಂದು ಬಂದ ಬಿಳಿಯರಿಗೆ ಈ ಹವೆ ಹಿಡಿಸಿ, ಊರಿಗೆ ‘ಪುಟ್ಟ ಇಂಗ್ಲೆಂಡ್’ ಎಂಬ ಅಡ್ಡಹೆಸರೂ ಅಂಟಿಕೊಂಡಿತು. ಹೊಗೆಬಂಡಿಯ ಕಾಲ ಕಳೆದು ವಿದ್ಯುತ್ತಿನ ರೈಲು ಬಂದಿದ್ದರೂ ನಸುಕಿನ ಗಾಡಿಗೆ ಕಾದು ನಿಂತ ಜನ ಇಂದಿಗೂ ಶಾಲು, ಸ್ವೆಟರುಗಳಲ್ಲಿ ಮುದುಡಿಕೊಂಡಿರುತ್ತಾರೆ.

ಗಣಿ ಮುಚ್ಚಿದ ಮೇಲೆ

ಈ ಊರಿನ ಕಥೆ ಬಹಳ ಮಂದಿಗೆ ಗೊತ್ತಿರುವುದೇ. 1802ರಲ್ಲಿ ಲೆಫ್ಟಿನೆಂಟ್ ಜಾನ್ ವಾರೆನ್ ಇಲ್ಲಿನ ಮಣ್ಣಿನಲ್ಲಿ ಚಿನ್ನವಿರುವುದನ್ನು ವರದಿಮಾಡಿದನು. 1870ರ ದಶಕದಲ್ಲಿ ಲವೆಲ್ ಎಂಬ ನಿವೃತ್ತ ಸೈನಿಕನು ಮೈಸೂರು ಸರ್ಕಾರದಿಂದ ಅಗೆಯುವ ಅಪ್ಪಣೆ ಪಡೆದನು. 1880ರ ದಶಕದಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿಯ ಕೈಗೆ ಬಂದಮೇಲೆ ಗಣಿಗಳು ನಿಜವಾಗಿ ಫಲಕೊಟ್ಟವು. ಮಾರಿಕುಪ್ಪಂನಲ್ಲಿದ್ದುದು ‘ಮೈಸೂರು ಗಣಿ’. 1902ರಲ್ಲಿ ಶಿವನಸಮುದ್ರದ ಜಲಪಾತದಿಂದ ಸುಮಾರು 147 ಕಿಲೋಮೀಟರು ದೂರ ತಂತಿ ಎಳೆದು ಇಲ್ಲಿಗೆ ವಿದ್ಯುತ್ತನ್ನು ತಂದರು. ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪ ಹತ್ತಿದ್ದು ಅದಾದ ಮೇಲೆ. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದು ಲೋಕದ ಅತ್ಯಂತ ಆಳದ ಗಣಿಗಳ ಸಾಲಿಗೆ ಸೇರಿತು. 1956ರಲ್ಲಿ ಗಣಿಗಳು ಮೈಸೂರು ಸರ್ಕಾರಕ್ಕೂ, 1962ರಲ್ಲಿ ಕೇಂದ್ರ ಸರ್ಕಾರಕ್ಕೂ ಬಂದವು. 2001ರ ಫೆಬ್ರವರಿ 28ರಂದು ಕೆಲಸ ನಿಂತಿತು.

ಗಣಿ ನಿಂತರೂ ಊರು ನಿಲ್ಲಲಿಲ್ಲ. ಸಾಲುಸಾಲಾಗಿ ಒಂದಕ್ಕೊಂದು ಗೋಡೆ ಹಂಚಿಕೊಂಡು ನಿಂತ ಲೈನುಮನೆಗಳಲ್ಲಿ ಗಣಿಕಾರ್ಮಿಕರ ಮಕ್ಕಳು, ಮೊಮ್ಮಕ್ಕಳು ಇನ್ನೂ ಬಾಳುತ್ತಿದ್ದಾರೆ. ಸಾವಿರಾರು ಜನ ದಿನವೂ ನಸುಕಿಗೆ ಎದ್ದು ರೈಲುಹತ್ತಿ ಬೆಂಗಳೂರಿಗೆ ದುಡಿಯಲು ಹೋಗಿ ಕತ್ತಲಾದಮೇಲೆ ಮರಳುತ್ತಾರೆ. ಅಜ್ಜಂದಿರು ಕೇಜಿನಲ್ಲಿ ಕೆಳಗಿಳಿದ ಹಾಗೆ ಮೊಮ್ಮಕ್ಕಳು ಬೋಗಿಯಲ್ಲಿ ಹೊರಡುತ್ತಾರೆ. ಇಕ್ಕಟ್ಟು ಎರಡೂ ಕಡೆ ಒಂದೇ.

ಚಳಿಗಾಲದ ಎರಡು ಅಡುಗೆಮನೆ

ಮಾರಿಕುಪ್ಪಂನ ಚಳಿಗಾಲಕ್ಕೆ ಎರಡು ಸಿಹಿವಾಸನೆಗಳುಂಟು. ಒಂದು ಡಿಸೆಂಬರಿನದು, ಇನ್ನೊಂದು ಜನವರಿಯದು.

ಇಂಗ್ಲೆಂಡಿನ ಕಾರ್ನ್‌ವಾಲ್ ಸೀಮೆಯ ತವರದ ಗಣಿಗಳಿಂದ ಬಂದ ಕೆಲಸಗಾರರೂ, ಇಲ್ಲಿಯೇ ನೆಲೆನಿಂತ ಆಂಗ್ಲೋ ಇಂಡಿಯನ್ ಕುಟುಂಬಗಳೂ ಕ್ರಿಸ್ಮಸ್ಸಿನ ಅಡುಗೆಯನ್ನು ಊರಿಗೆ ಕೊಟ್ಟುಹೋದರು. ಒಣದ್ರಾಕ್ಷಿ, ಕಿತ್ತಳೆಸಿಪ್ಪೆಗಳನ್ನು ವಾರಗಟ್ಟಲೆ ರಮ್ಮಿನಲ್ಲಿ ನೆನೆಹಾಕಿ, ಚಕ್ಕೆ ಲವಂಗ ಜಾಯಿಕಾಯಿಗಳ ಪುಡಿ ಬೆರೆಸಿ, ಸಕ್ಕರೆಯನ್ನು ಕಪ್ಪಗೆ ಕರಗಿಸಿ ಹೊಯ್ದು ಬೇಯಿಸಿದ ಪ್ಲಮ್ ಕೇಕು. ಎಣ್ಣೆಯಲ್ಲಿ ಕರಿದು ಸಕ್ಕರೆಪಾಕ ಸುತ್ತಿದ ಕುಲ್‌ಕುಲ್. ಹೂವಿನ ಅಚ್ಚಿನಲ್ಲಿ ಅದ್ದಿ ತೆಗೆದ ರೋಸ್ ಕುಕ್ಕಿ. ಈ ತಿಂಡಿಗಳು ಧರ್ಮದ ಗಡಿಯನ್ನು ದಾಟಿ ತಟ್ಟೆಯಿಂದ ತಟ್ಟೆಗೆ, ಮನೆಯಿಂದ ಮನೆಗೆ ಹೋಗುತ್ತವೆ. ಅವುಗಳ ಜೀವಾಳವಾದ ವೆನಿಲ್ಲಾದ ಘಮ ಡಿಸೆಂಬರಿನ ಸಂಜೆಗಳ ಗುರುತು.

ಅದು ಆರುವಷ್ಟರಲ್ಲಿ ಧನುರ್ಮಾಸದ ಹುಗ್ಗಿಯ ವಾಸನೆ ಏಳುತ್ತದೆ. ನಸುಕಿನಲ್ಲಿ ಗುಡಿಗಳಿಂದ ಹೆಸರುಬೇಳೆ, ತುಪ್ಪ, ಏಲಕ್ಕಿಯ ಬಿಸಿಯುಸಿರು. ಮುಂದೆ ಸಂಕ್ರಾಂತಿ. ಕನ್ನಡದವರ ಮನೆಯಲ್ಲಿ ಎಳ್ಳುಬೆಲ್ಲ. ಉತ್ತರ ಆರ್ಕಾಟು, ಸೇಲಂ ಸೀಮೆಗಳಿಂದ ಗಣಿಗೆ ಬಂದವರ ಮನೆಯಂಗಳದಲ್ಲಿ ಹೊಸ ಮಡಕೆಯಿಂದ ಹಾಲುಕ್ಕಿ ಹರಿಯುವ ಪೊಂಗಲ್. ಬೆಲ್ಲ ಕರಗಿ ತಳಹಿಡಿಯುವ ಮುನ್ನ ಏಳುವ ಆ ಸುಟ್ಟಸಿಹಿಯ ಕಂಪು ಬೀದಿಯನ್ನೇ ತುಂಬುತ್ತದೆ.

ಇಂದಿನ ಪೇಟೆಯಲ್ಲಿ ಚಳಿಗಾಲದ ಸೆಂಟು ಎಂದು ಮಾರಾಟವಾಗುವ ಶೀಷೆಗಳಲ್ಲಿ ಬಹುಪಾಲು ಈ ಎರಡು ಅಡುಗೆಮನೆಗಳ ಮಕ್ಕಳೇ ಎಂದರೆ ವಾಚಕರಿಗೆ ಆಶ್ಚರ್ಯವಾದೀತು.

ತಿಂಡಿಯ ವಾಸನೆ ಶೀಷೆಗೆ ಇಳಿದ ಬಗೆ

ಮೈಗೆ ಹೂವಿನ, ಮರದ, ಕಸ್ತೂರಿಯ ಕಂಪು ಪೂಸಿಕೊಳ್ಳುವುದು ಪುರಾತನ ರೂಢಿ. ತಿನ್ನುವ ವಸ್ತುವಿನ ವಾಸನೆಯನ್ನು ಮೈಗೆ ಹಚ್ಚುವ ಫ್ಯಾಷನ್ನು ಮಾತ್ರ ಹೊಸದು. ಫ್ರೆಂಚರು ಇಂಥ ಪರಿಮಳಗಳನ್ನು ‘ಗೂರ್ಮಾಂ’ ಎಂದು ಕರೆಯುತ್ತಾರೆ; ತಿಂಡಿಪ್ರಿಯ ಎಂದು ಅದರ ಅರ್ಥ.

ಇದಕ್ಕೆ ತಳಪಾಯ ಹಾಕಿದವರು ರಸಾಯನಶಾಸ್ತ್ರಜ್ಞರು. ವೆನಿಲ್ಲಾ ಮೆಕ್ಸಿಕೋ ದೇಶದ ಒಂದು ಬಳ್ಳಿಯ ಕಾಯಿ. ಅದರ ಹೂವು ಅರಳುವುದು ಒಂದೇ ದಿನ; ತವರು ಬಿಟ್ಟು ಬೇರೆಡೆ ನೆಟ್ಟರೆ ಅದು ತಾನಾಗಿ ಕಾಯಿಗಟ್ಟುತ್ತಿರಲಿಲ್ಲ. 1841ರಲ್ಲಿ ರಿಯೂನಿಯನ್ ದ್ವೀಪದಲ್ಲಿ ಎಡ್ಮಂಡ್ ಆಲ್ಬಿಯಸ್ ಎಂಬ ಹನ್ನೆರಡು ವರ್ಷದ ಗುಲಾಮ ಬಾಲಕನು ಕಡ್ಡಿಯ ತುದಿಯಿಂದ ಪರಾಗವನ್ನು ಒತ್ತಿ ಹೂವನ್ನು ಫಲಿಸುವ ಉಪಾಯ ಕಂಡುಹಿಡಿದನು. ಲೋಕದ ವೆನಿಲ್ಲಾ ತೋಟಗಳೆಲ್ಲ ಇಂದಿಗೂ ಆ ಬಾಲಕನ ಕೈಚಳಕದ ಮೇಲೆ ನಿಂತಿವೆ. 1874ರಲ್ಲಿ ಜರ್ಮನಿಯ ಟೀಮನ್ ಮತ್ತು ಹಾರ್ಮನ್ ಎಂಬ ವಿಜ್ಞಾನಿಗಳು ವೆನಿಲ್ಲಾದ ಸಾರವಾದ ವೆನಿಲಿನ್ನನ್ನು ಸೂಚಿಪರ್ಣಿ ಮರದ ರಸದಿಂದ ತಯಾರಿಸಿದ ಮೇಲೆ ಅದು ಅಗ್ಗವಾಯಿತು. 1925ರಲ್ಲಿ ಪ್ಯಾರಿಸ್ಸಿನ ಗೆರ್ಲೇನ್ ಮನೆತನ ವೆನಿಲ್ಲಾವನ್ನೇ ತಳವಾಗಿಟ್ಟು ಹೊರತಂದ ಪರಿಮಳಕ್ಕೆ ಇಟ್ಟ ಹೆಸರು ‘ಶಾಲಿಮಾರ್’, ನಮ್ಮ ದೇಶದ ಮೊಗಲರ ತೋಟದ ಹೆಸರು.

ಸುಟ್ಟ ಸಕ್ಕರೆಯ ವಾಸನೆಗೆ ಕಾರಣವಾದ ವಸ್ತುಗಳಲ್ಲಿ ಮಾಲ್ಟಾಲ್ ಒಂದು. ಅದಕ್ಕಿಂತ ಹಲವು ಪಟ್ಟು ಪ್ರಬಲವಾದ ಈಥೈಲ್ ಮಾಲ್ಟಾಲನ್ನು ಮನುಷ್ಯನೇ ಮಾಡಿದನು. 1992ರಲ್ಲಿ ಥಿಯರಿ ಮ್ಯೂಗ್ಲರನ ಹೆಸರಿನಲ್ಲಿ ಬಂದ ‘ಏಂಜೆಲ್’ ಎಂಬ ಸುಗಂಧದ್ರವ್ಯ ಈ ವಸ್ತುವನ್ನು ಹಿಂದೆಂದೂ ಇಲ್ಲದಷ್ಟು ಧಾರಾಳವಾಗಿ ಬಳಸಿತು. ಪಚೌಲಿ ಎಲೆಯ ಮಣ್ಣುಗಂಪಿನ ಮೇಲೆ ಕರಗಿದ ಸಕ್ಕರೆಯನ್ನು ಸುರಿದಂತಿದ್ದ ಆ ಪರಿಮಳ ಮೊದಲು ಹುಬ್ಬೇರಿಸಿ, ಆಮೇಲೆ ಮನಸೆಳೆದು, ಕೊನೆಗೆ ಒಂದು ಸಂತತಿಯನ್ನೇ ಹುಟ್ಟುಹಾಕಿತು. ಇಂದು ಸಾಮಾನ್ಯ ಬೆಲೆಯ ಶೀಷೆಗಳಲ್ಲೂ ಅದರ ಛಾಯೆ ಕಾಣುತ್ತದೆ.

ಕರ್ನಾಟಕಕ್ಕೂ ಈ ಸಿಹಿಯ ಕಹಿನೆನಪೊಂದಿದೆ. 2000ನೆಯ ಇಸವಿಯ ಬಳಿಕ ಮಡಗಾಸ್ಕರಿನ ವೆನಿಲ್ಲಾ ತೋಟಗಳು ಚಂಡಮಾರುತಕ್ಕೆ ತುತ್ತಾಗಿ ಬೆಲೆ ಗಗನಕ್ಕೇರಿದಾಗ ಮಲೆನಾಡು, ಕರಾವಳಿಗಳ ರೈತರು ಅಡಕೆಮರಗಳ ನಡುವೆ ವೆನಿಲ್ಲಾ ಬಳ್ಳಿ ಹಬ್ಬಿಸಿದರು. ಕೆಲವೇ ವರ್ಷಗಳಲ್ಲಿ ಬೆಲೆ ಕುಸಿದು ಅನೇಕರು ಕೈಸುಟ್ಟುಕೊಂಡರು. ಚಿನ್ನದ ಊರಿನವರಿಗೆ ಈ ಕಥೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಚಳಿಗೇಕೆ ಸಿಹಿ?

ವಾಸನೆಯೆಂದರೆ ಹಾರಿಹೋಗುವ ಕಣ. ಬಿಸಿಲಿನಲ್ಲಿ ಎಲ್ಲವೂ ಬೇಗ ಹಾರುತ್ತದೆ. ನಿಂಬೆ, ಮಲ್ಲಿಗೆಯಂಥ ಹಗುರ ಕಂಪುಗಳಿಗೆ ಅದು ಒಳ್ಳೆಯ ಕಾಲ. ಸಿಹಿಪರಿಮಳಗಳ ಕಣಗಳು ಭಾರದವು. ಬೇಸಗೆಯ ಸೆಕೆಗೆ ಅವು ಒಮ್ಮೆಲೆ ಎದ್ದು ಬೆವರಿನೊಡನೆ ಬೆರೆತು ಓಕರಿಕೆ ತರಿಸುತ್ತವೆ. ಚಳಿಯಲ್ಲಾದರೋ ಮೈಶಾಖದ ಹಿಡಿತದಲ್ಲಿ ನಿಧಾನವಾಗಿ, ಒಂದೊಂದೇ ಎಳೆಯಾಗಿ ಏಳುತ್ತವೆ. ಉಣ್ಣೆಯ ಬಟ್ಟೆ ಅವನ್ನು ದಿನವಿಡೀ ಹಿಡಿದಿಟ್ಟುಕೊಳ್ಳುತ್ತದೆ. ಡಿಸೆಂಬರಿನಲ್ಲಿ ಕೊಂಡ ಶೀಷೆ ಏಪ್ರಿಲ್ಲಿನಲ್ಲಿ ತಲೆನೋವು ತರುವುದಕ್ಕೂ, ಏಪ್ರಿಲ್ಲಿನಲ್ಲಿ ಬೇಡವೆಂದು ಬಿಟ್ಟದ್ದು ಡಿಸೆಂಬರಿನಲ್ಲಿ ಹಿತವಾಗುವುದಕ್ಕೂ ಇದೇ ಕಾರಣ.

ಎರಡರಲ್ಲಿ ಒಂದನ್ನು ಆರಿಸಬೇಕಾದಾಗ ಅಂಗಡಿಯ ಕಾಗದದ ಪಟ್ಟಿಯನ್ನು ನಂಬಿ ತೀರ್ಮಾನಿಸುವುದು ಅವಸರವಾದೀತು. ಕಾಗದದ ಮೇಲೆ ಮೊದಲ ಐದು ನಿಮಿಷ ಕೇಳಿಬರುವುದು ಪೀಠಿಕೆಯಷ್ಟೆ. ಒಂದು ಮಣಿಕಟ್ಟಿಗೆ ಒಂದು, ಇನ್ನೊಂದಕ್ಕೆ ಇನ್ನೊಂದು ಹಚ್ಚಿ, ತಿಕ್ಕದೆ ಹಾಗೆಯೇ ಬಿಟ್ಟು, ಅಂಗಡಿಯಿಂದ ಹೊರಬಂದು ತಂಪುಗಾಳಿಯಲ್ಲಿ ಒಂದೆರಡು ಗಂಟೆ ತಿರುಗಾಡಿದ ಮೇಲೆ ನಿಜವಾದ ಸ್ವಭಾವ ಹೊರಬೀಳುತ್ತದೆ. ಒಂದೇ ದಿನ ಮೂರಕ್ಕಿಂತ ಹೆಚ್ಚು ಪರೀಕ್ಷಿಸಿದರೆ ಮೂಗು ದಣಿಯುತ್ತದೆ. ವೆನಿಲಿನ್ ಹೆಚ್ಚಾಗಿರುವ ದ್ರವ ಕಾಲಕ್ರಮದಲ್ಲಿ ಕಂದುಬಣ್ಣಕ್ಕೆ ತಿರುಗುವುದರಿಂದ ಬಿಳಿಯ ಬಟ್ಟೆಗೂ ರೇಷ್ಮೆಸೀರೆಗೂ ನೇರವಾಗಿ ಸಿಂಪಡಿಸಬಾರದು. ಇವೆಲ್ಲವೂ ಮದ್ಯಸಾರದಲ್ಲಿ ಕರಗಿಸಿದವಾದ್ದರಿಂದ ಒಲೆ, ದೀಪಗಳಿಂದ ದೂರವಿರಬೇಕೆಂಬುದನ್ನು ಗೃಹಿಣಿಯರು ಬಲ್ಲರು.

ಇವಿಷ್ಟೂ ಎಲ್ಲ ಊರಿಗೂ ಸಲ್ಲುವ ಮಾತು. ಮಾರಿಕುಪ್ಪಂನಲ್ಲಿ ಇನ್ನೊಂದು ಪರೀಕ್ಷೆಯುಂಟು.

ಉಸಿರಿನ ಊರು

ಮೂರು ಕಿಲೋಮೀಟರು ಆಳದಲ್ಲಿ ಬಂಡೆಯ ಶಾಖ 60 ಡಿಗ್ರಿಯನ್ನು ಮೀರುತ್ತದೆ. ಅಲ್ಲಿ ಮನುಷ್ಯ ದುಡಿಯಬೇಕಾದರೆ ಮೇಲಿನಿಂದ ಗಾಳಿಯನ್ನು ತಣಿಸಿ ಕೆಳಗೆ ತಳ್ಳಬೇಕು. ಚಿನ್ನ ತೆಗೆಯುವ ಯಂತ್ರಗಳಷ್ಟೇ ಗಾಳಿ ಒದಗಿಸುವ ಯಂತ್ರಗಳೂ ಗಣಿಗೆ ಪ್ರಾಣ. ಒಬ್ಬನು ಬಿಟ್ಟ ಉಸಿರನ್ನು ಇನ್ನೊಬ್ಬನು ಎಳೆದುಕೊಳ್ಳುವ ಸ್ಥಳ ಅದು. ಲೋಕದ ಹಲವು ಲೋಹದ ಗಣಿಗಳಲ್ಲಿ ಬೆಂಕಿ ಬಿದ್ದಾಗ ಕೆಲಸಗಾರರನ್ನು ಎಚ್ಚರಿಸಲು ಗಾಳಿಯ ಕೊಳವೆಗಳಿಗೆ ಈಥೈಲ್ ಮರ್ಕಾಪ್ಟಾನ್ ಎಂಬ ದುರ್ವಾಸನೆಯ ವಸ್ತುವನ್ನು ಬಿಡುವ ಪದ್ಧತಿಯಿದೆ. ಕೂಗು ತಲುಪದ ಮೂಲೆಗೆ ವಾಸನೆ ತಲುಪುತ್ತದೆ.

ಸಿಹಿಯಾದುದೆಲ್ಲ ನಿರಪಾಯವೆಂದು ನಂಬುವಂತಿಲ್ಲ ಎಂಬ ಪಾಠವೂ ಇಲ್ಲಿಯದೇ. ಪುಡಿಮಾಡಿದ ಅದಿರಿನಿಂದ ಚಿನ್ನವನ್ನು ಬಿಡಿಸಿದ್ದು ಸಯನೈಡ್ ದ್ರಾವಣ. ಕೇಕಿಗೆ ಹಾಕುವ ಬಾದಾಮಿ ಎಸೆನ್ಸಿನ ಪರಿಮಳ ಬೆಂಜಾಲ್ಡಿಹೈಡ್ ಎಂಬ ವಸ್ತುವಿನದು; ಕಹಿಬಾದಾಮಿಯನ್ನು ಅರೆದಾಗ ಅದರ ಜೊತೆಯಲ್ಲೇ ಹೈಡ್ರೋಜನ್ ಸಯನೈಡೂ ಹುಟ್ಟುತ್ತದೆ. ಎರಡು ವಾಸನೆಗಳೂ ಹತ್ತಿರದ ನಂಟರು. ಒಂದು ಹಬ್ಬದ ತಟ್ಟೆಗೆ ಬಂದರೆ ಇನ್ನೊಂದು ಪ್ರಾಣಕ್ಕೆ ಎರವಾಗುತ್ತದೆ. ಗಣಿಯ ಕೆಲಸ ಮುಗಿದ ಮೇಲೆ ಉಳಿದ, ಮೂರು ಕೋಟಿ ಟನ್ನಿಗೂ ಮಿಗಿಲಾದ ಪುಡಿಮಣ್ಣು ಇಂದು ಊರಿನ ನಡುವೆ ಬೂದಿಬಣ್ಣದ ಗುಡ್ಡಗಳಾಗಿ ನಿಂತಿದೆ. ಜನ ಅವನ್ನು ಸಯನೈಡ್ ಗುಡ್ಡಗಳೆಂದೇ ಕರೆಯುತ್ತಾರೆ. ಗಾಳಿ ಜೋರಾಗಿ ಬೀಸಿದ ದಿನ ಅದರ ಧೂಳು ಒಗೆದ ಬಟ್ಟೆಯ ಮೇಲೆ, ಅನ್ನದ ತಟ್ಟೆಯ ಮೇಲೆ ಬಂದು ಕೂರುತ್ತದೆ.

ಎಲ್ಲಕ್ಕಿಂತ ದೊಡ್ಡ ಸಾಲವನ್ನು ವಸೂಲುಮಾಡಿದ್ದು ಬಿಳಿಕಲ್ಲಿನ ಧೂಳು. ಬೈರಿಗೆ ಕೊರೆದಾಗ ಏಳುವ ಸಣ್ಣ ಪುಡಿ ಶ್ವಾಸಕೋಶದಲ್ಲಿ ನೆಲಸಿ ಸಿಲಿಕೋಸಿಸ್ ಎಂಬ ವ್ಯಾಧಿಯನ್ನು ತರುತ್ತದೆ. ಕೆಲಸ ಬಿಟ್ಟ ಮೇಲೂ ಅದು ಬಿಡುವುದಿಲ್ಲ, ಅದಕ್ಕೆ ಮದ್ದಿಲ್ಲ. ಚಳಿಗಾಲದ ರಾತ್ರಿಗಳಲ್ಲಿ ಲೈನುಮನೆಗಳ ತೆಳುಗೋಡೆಗಳಾಚೆಯಿಂದ ಕೇಳಿಬರುವ ದೀರ್ಘವಾದ ಕೆಮ್ಮು ಎಷ್ಟೋ ಸಂಸಾರಗಳ ಪಿತ್ರಾರ್ಜಿತ. ಅಂಥ ಎದೆಗೆ ಒಗ್ಗರಣೆಯ ಹೊಗೆ, ಊದುಬತ್ತಿಯ ಹೊಗೆ, ಸೆಂಟಿನ ಗಾಟು ಯಾವುದೂ ಸಹಿಸದು.

ಒಂದು ಮನೆಯ ತೀರ್ಮಾನ

ಇಂಥ ಒಂದು ಲೈನುಮನೆಯನ್ನು ವಾಚಕರು ಕಲ್ಪಿಸಿಕೊಳ್ಳಬಹುದು. ಮನೆಯೊಳಗೆ ಕನ್ನಡ, ಬೀದಿಗೆ ಬಂದರೆ ತಮಿಳು, ಸಂತೆಗೆ ಹೋದರೆ ತೆಲುಗು. ತಂದೆ ಗಣಿ ಮುಚ್ಚುವ ದಿನದವರೆಗೆ ನೆಲದಡಿಯಲ್ಲಿ ದುಡಿದವನು. ಮಗಳು ಬೆಂಗಳೂರಿನ ಕಚೇರಿಯೊಂದರಲ್ಲಿ ಗುಮಾಸ್ತೆ. ಹಬ್ಬದ ಬೋನಸ್ಸಿನ ಹಣದಲ್ಲಿ ತನಗೆಂದು ಒಂದು ಸೆಂಟು ಕೊಳ್ಳುವ ಆಸೆ ಅವಳಿಗೆ, ಜೀವನದಲ್ಲಿ ಮೊದಲನೆಯದು. ರಾಬರ್ಟ್‌ಸನ್‌ಪೇಟೆಯ ಅಂಗಡಿಯಲ್ಲಿ ಎರಡು ಮನಸ್ಸಿಗೆ ಬಂದಿವೆ. ಒಂದು ವೆನಿಲ್ಲಾ, ಲವಂಗ, ಮೇಲೆ ಇಷ್ಟೇ ಇಷ್ಟು ಮದ್ಯದ ಮತ್ತು. ಇನ್ನೊಂದು ಕರಗಿದ ಸಕ್ಕರೆ, ಹಾಲು, ಏಲಕ್ಕಿ. ಅಂಗಡಿಯವನು ಎರಡನ್ನೂ ಸಣ್ಣ ಶೀಷೆಗಳಲ್ಲಿ ನಾಲ್ಕು ಹನಿ ಕೊಟ್ಟಿದ್ದಾನೆ. ಭಾನುವಾರದ ಬೆಳಗ್ಗೆ ಎರಡು ಮಣಿಕಟ್ಟಿಗೂ ಹಚ್ಚಿಕೊಂಡು ತಂದೆಯ ಮುಂದೆ ಕೈಚಾಚುತ್ತಾಳೆ.

“ಅಪ್ಪಾ, ಇವೆರಡರಲ್ಲಿ ಯಾವುದು ಚೆನ್ನಾಗೈತೆ, ಹೇಳಪ್ಪಾ.”

ಒಳಗಿನಿಂದ ತಾಯಿಯ ದನಿ ಮೊದಲು ಬರುತ್ತದೆ. “ಸೆಂಟಾ ಅದು? ಬೆಲ್ಲದ ಪಾಕ ಸೀದೋಯ್ತು ಅಂತ ನಾನು ಒಲೆ ನೋಡ್ಕೊಂಡೆ ಕಣೇ!”

ತಂದೆ ನಗುತ್ತಾನೆ, ನಗು ಕೆಮ್ಮಾಗುತ್ತದೆ. ಕೆಮ್ಮು ನಿಲ್ಲಲು ಬಹಳ ಹೊತ್ತು ಹಿಡಿಯುತ್ತದೆ. ಮಗಳು ಕೈಯನ್ನು ಬೆನ್ನ ಹಿಂದೆ ಮರೆಮಾಡಿಕೊಂಡು ನಿಲ್ಲುತ್ತಾಳೆ.

“ಎರಡೂ ಚೆನ್ನಾಗೇ ಐತೆ ತಾಯಿ. ಇದು ಕ್ರಿಸ್ಮಸ್ ಮನೆ, ಅದು ಪೊಂಗಲ್ ಮನೆ. ಆದ್ರೆ ಆ ಎರಡನೇದು ಬಾಗಿಲು ತಟ್ಟದೆ ಒಳಕ್ಕೆ ಬರ್ತೈತೆ.”

ಸುಗಂಧಶಾಸ್ತ್ರದ ಒಂದು ಅಧ್ಯಾಯವನ್ನೇ ಆ ಮಾತು ಹೇಳಿ ಮುಗಿಸಿತು. ಪರಿಮಳವನ್ನು ಎರಡು ಬಗೆಯಲ್ಲಿ ಅಳೆಯಬೇಕು: ಎಷ್ಟು ಹೊತ್ತು ಇರುತ್ತದೆ ಎಂಬುದೊಂದು, ಎಷ್ಟು ದೂರ ಹೋಗುತ್ತದೆ ಎಂಬುದೊಂದು. ಸುಟ್ಟಸಕ್ಕರೆಯ ಜಾತಿಯದು ಬಲು ಸ್ವಲ್ಪದರಲ್ಲೇ ಬಲು ದೂರ ಹೋಗುತ್ತದೆ. ಬಯಲಿನಲ್ಲಿ ಅದು ಗುಣ; ಒತ್ತೊತ್ತಾಗಿ ಜನ ನಿಂತು, ಚಳಿಗೆ ಕಿಟಕಿಗಳನ್ನೆಲ್ಲ ಮುಚ್ಚಿದ ನಸುಕಿನ ಬೋಗಿಯಲ್ಲಿ ಅದೇ ದೋಷ. ವೆನಿಲ್ಲಾದ್ದು ಮೈಗೆ ಅಂಟಿಕೊಂಡು, ಹತ್ತಿರ ಬಂದವರಿಗೆ ಮಾತ್ರ ತಿಳಿಯುತ್ತದೆ. ಇದು ಎಲ್ಲ ಶೀಷೆಗಳಿಗೂ ಅನ್ವಯಿಸುವ ನಿಯಮವಲ್ಲ. ಗಾಟಾದ ವೆನಿಲ್ಲಾವೂ ಉಂಟು, ಮೆಲುದನಿಯ ಸಕ್ಕರೆಯೂ ಉಂಟು. ಆದುದರಿಂದಲೇ ತನ್ನ ಮೂಗಿನ ಜೊತೆಗೆ ಪಕ್ಕದಲ್ಲಿರುವವರ ಮೂಗನ್ನೂ ಕೇಳಿ ಕೊಳ್ಳಬೇಕು.

ಅವಳ ಮನಸ್ಸು ನಿಜಕ್ಕೂ ಒಲಿದಿದ್ದದ್ದು ಎರಡನೆಯದಕ್ಕೆ. ಆದರೂ ಮೊದಲನೆಯದನ್ನೇ, ಅದರಲ್ಲೂ ಸಣ್ಣ ಶೀಷೆಯನ್ನೇ ಕೊಂಡು, ಅದನ್ನು ಮನೆಯಲ್ಲಿ ತೆರೆಯದೆ ಕೈಚೀಲದಲ್ಲಿಟ್ಟುಕೊಂಡಳು. ಬೆಂಗಳೂರಿನಲ್ಲಿ ರೈಲಿಳಿದ ಮೇಲೆ ಒಂದು ಹನಿ ಕತ್ತಿನ ಬಳಿ. ಅಷ್ಟೇ ಅವಳ ಲೆಕ್ಕ. ರಾತ್ರಿ ಮರಳಿ ಬಂದು ಉಣ್ಣೆಯ ಶಾಲನ್ನು ಗೂಟಕ್ಕೆ ನೇತುಹಾಕುವಾಗ ಲವಂಗದ ಖಾರವೂ ಮದ್ಯದ ಮತ್ತೂ ಹಾರಿಹೋಗಿ, ವೆನಿಲ್ಲಾದ ತೆಳುವಾದ ಎಳೆಯೊಂದು ಉಳಿದಿರುತ್ತದೆ. ಒಂದು ರಾತ್ರಿ ತಂದೆ ಆ ಶಾಲಿನ ಹತ್ತಿರ ಕುಳಿತವನು ನಿಧಾನವಾಗಿ ಉಸಿರೆಳೆದು, “ಈಗ ಸರಿಯಾಗೈತೆ ನೋಡು” ಎಂದನು. ಕೆಮ್ಮು ಬರಲಿಲ್ಲ.

ಎರಡನೆಯ ಶೀಷೆಯ ಆಸೆ ಅವಳಲ್ಲಿ ಹೋಯಿತೆಂದು ಹೇಳಲಾಗದು. ಪೇಟೆಗೆ ಹೋದಾಗಲೆಲ್ಲ ಆ ಅಂಗಡಿಯ ಮುಂದೆ ಅವಳ ಹೆಜ್ಜೆ ನಿಧಾನವಾಗುತ್ತದೆ.

ಗಂಧದ ನಾಡಿನ ಮೂರನೆಯ ದಾರಿ

ವೆನಿಲ್ಲಾ, ಸಕ್ಕರೆಗಳ ಈ ಜಗಳದಲ್ಲಿ ಮೈಸೂರಿನ ಶ್ರೀಗಂಧವನ್ನು ಮರೆತರೆ ಅನ್ಯಾಯವಾದೀತು. ಮೊದಲನೆಯ ಮಹಾಯುದ್ಧದಲ್ಲಿ ಯೂರೋಪಿಗೆ ಗಂಧದ ಕೊರಡು ಕಳುಹಿಸುವ ದಾರಿ ಮುಚ್ಚಿದಾಗ, ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ಸರ್ ಎಂ. ವಿಶ್ವೇಶ್ವರಯ್ಯನವರ ದಿವಾನಗಿರಿಯಲ್ಲಿ, 1916ರಿಂದೀಚೆಗೆ ಇಲ್ಲಿಯೇ ಗಂಧದೆಣ್ಣೆ ಇಳಿಸುವ ಕಾರ್ಯ ಆರಂಭವಾಯಿತು. ಗಂಧದೆಣ್ಣೆಗೂ ತನ್ನದೇ ಆದ ಸಿಹಿಯಿದೆ. ಹಾಲಿನ ಕೆನೆಯಂಥ, ಎತ್ತರದ ದನಿಯಿಲ್ಲದ ಸಿಹಿ. ಅದು ಬೇರೆ ಪರಿಮಳಗಳನ್ನು ತನ್ನ ಮಡಿಲಲ್ಲಿ ಹಿಡಿದು ನಿಲ್ಲಿಸುತ್ತದೆ. ಕನೌಜಿನ ಅತ್ತರುಗಾರರು ಹೂವಿನ ಕಂಪನ್ನು ಗಂಧದೆಣ್ಣೆಗೇ ಇಳಿಸುತ್ತಿದ್ದುದು ಈ ಗುಣಕ್ಕಾಗಿ. ಈಗ ಅಪ್ಪಟ ಗಂಧದೆಣ್ಣೆಯ ಬೆಲೆ ಸಾಮಾನ್ಯ ಸಂಸಾರದ ಕೈಗೆ ಎಟುಕದು. ಎರಡು ಸಿಹಿಪರಿಮಳಗಳ ನಡುವೆ ಮನಸ್ಸು ತೂಗುತ್ತಿರುವವರು ತಳದಲ್ಲಿ ಗಂಧದ ಛಾಯೆಯಿರುವುದನ್ನು ಆರಿಸಿದರೆ ನಷ್ಟವಾಗಲಾರದು. ಹಬ್ಬದ ಬೆಳಗಿಗೆ ಗಂಧದ ಸಾಬೂನಿನ ಸ್ನಾನವೇ ಸಾಕೆನ್ನುವವರ ಮಾತೂ ತಳ್ಳಿಹಾಕುವಂಥದ್ದಲ್ಲ.

ಮಾರಿಕುಪ್ಪಂಗೆ ಹೋಗಬಯಸುವವರಿಗೆ ಡಿಸೆಂಬರಿನ ಕೊನೆಯ ವಾರದಿಂದ ಸಂಕ್ರಾಂತಿಯವರೆಗಿನ ಕಾಲ ಪ್ರಶಸ್ತ. ಬಂಗಾರಪೇಟೆಯಲ್ಲಿ ಗಾಡಿ ಬದಲಾಯಿಸಿ ಬರಬಹುದು. ಬೆಂಗಳೂರಿನಿಂದ ನೇರವಾಗಿ ಬರುವ ಗಾಡಿಗಳೂ ಉಂಟು. ಶಾಫ್ಟುಗಳ ತುಕ್ಕುಹಿಡಿದ ಗೋಪುರಗಳು, ಹಳೆಯ ಬಂಗಲೆಗಳು, ಇಗರ್ಜಿಗಳು, ಬೂದಿಬಣ್ಣದ ಗುಡ್ಡಗಳ ಮೇಲೆ ಇಳಿಯುವ ಸಂಜೆಬಿಸಿಲು ಕಣ್ಣಿಗೆ ಹಬ್ಬ. ಹೊತ್ತು ಮುಳುಗಿದ ಮೇಲೆ ಲೈನುಮನೆಗಳ ಸಂದಿಯಲ್ಲಿ ನಡೆದರೆ ಒಂದು ಬಾಗಿಲಿನಿಂದ ಕೇಕಿನ ಘಮ, ಇನ್ನೊಂದರಿಂದ ಬೆಲ್ಲದ ಘಮ ಹೊರಬಂದು ಚಳಿಗಾಳಿಯಲ್ಲಿ ಬೆರೆಯುತ್ತವೆ. ಆ ಹೊತ್ತಿಗೆ ಸೆಂಟಿನ ಶೀಷೆ ಚೀಲದಲ್ಲೇ ಇದ್ದರೆ ಒಳ್ಳೆಯದು.